ಬಣ್ಣ ಸರಿ, ಇಂಜಿನ್ ಕಥೆ ಏನು?

ಜುಲೈ ತಿಂಗಳ ಎರಡನೇ ಭಾನುವಾರ ಬಂತು ಅಂದ್ರೆ ಬೆಂಗಳೂರು, ಮೈಸೂರಿನಲ್ಲಿ ಹಳೇ ಜಾವಾ, ಯೆಜ್ಡಿಗಳು ಸಾಲಾಗಿ ನಿಲ್ಲುತ್ತವೆ. ಮರೂನ್ ಬಣ್ಣ, ಫಳಫಳ ಹೊಳೆಯೋ ಕ್ರೋಮು, ಸುತ್ತ ಫೋಟೋ ತೆಗೆಯೋರು. ನೋಡೋಕೆ ಚೆನ್ನಾಗೇ ಇರುತ್ತೆ, ಇಲ್ಲ ಅನ್ನಲ್ಲ. ಆದ್ರೆ ಅಲ್ಲಿರೋ ಮಾಲೀಕರಲ್ಲಿ ಯಾರನ್ನಾದ್ರೂ, 'ಪಿಸ್ಟನ್ ಈಗ ಎಷ್ಟನೇ ಓವರ್‌ಸೈಜು?' ಅಂತ ಕೇಳಿ ನೋಡಿ. ಬಹಳಷ್ಟು ಸಲ ಸಿಗೋ ಉತ್ತರ, 'ಅದೆಲ್ಲ ನಮ್ಮ ಮೆಕ್ಯಾನಿಕ್‌ಗೆ ಗೊತ್ತು.' ನನ್ನ ತಕರಾರು ಇರೋದು ಈ ಉತ್ತರದ ಮೇಲೆ.

ಮೊದಲು ಸ್ವಲ್ಪ ಹಿನ್ನೆಲೆ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಶುರುವಿನಲ್ಲಿ ಚೆಕೊಸ್ಲೊವಾಕಿಯಾದ ಜಾವಾ ಬೈಕನ್ನು ಇಲ್ಲಿ ತಯಾರು ಮಾಡೋಕೆ ಹೊರಟಿತು. 1973ರಿಂದ ಯೆಜ್ಡಿ ಅನ್ನೋ ಹೆಸರು ಬಂತು. 1996ರಲ್ಲಿ ಬಾಗಿಲು ಮುಚ್ಚಿತು. ನಮ್ಮೂರ ಕಡೆ ಹಾಲಿನ ಕ್ಯಾನು, ರೇಷ್ಮೆಗೂಡಿನ ಮೂಟೆ ಹೊತ್ತು ಓಡಿದ ಗಾಡಿಗಳಿವು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರು ಮತ್ತೆ ಮಾರುಕಟ್ಟೆಗೆ ಬಂದವು. ಹೊಸವು ಫೋರ್ ಸ್ಟ್ರೋಕು, ಹಳೇದು ಟೂ ಸ್ಟ್ರೋಕು. ಇದರ ಇಂಜಿನ್ ಪಾರ್ಟು ಅದಕ್ಕೆ ಹೊಂದಲ್ಲ. ಯೆಜ್ಡಿ ಅನ್ನೋ ಹೆಸರು ಯಾರದ್ದು ಅನ್ನೋ ವ್ಯಾಜ್ಯ ಕರ್ನಾಟಕ ಹೈಕೋರ್ಟಿನವರೆಗೂ ಹೋಯ್ತು. ಕಾರ್ಖಾನೆಯ ಡ್ರಾಯಿಂಗುಗಳು ಎಲ್ಲಿವೆ ಅಂತ ಯಾರಾದ್ರೂ ಜಗಳ ತೆಗೆದಿದ್ದು ಮಾತ್ರ ನಾನು ಕೇಳಿಲ್ಲ.

ಹಾಗಾದ್ರೆ ಇಂಜಿನ್ ಬಿಚ್ಚಿ ಕೂತವನಿಗೆ ಆಧಾರ ಏನು? ನಾಲ್ಕಿವೆ. ಒಂದೊಂದನ್ನೂ ಪುಸ್ತಕ ವಿಮರ್ಶೆ ಮಾಡೋ ಹಾಗೆ ನೋಡೋಣ.

ಮೊದಲನೇದು ಪಾರ್ಟ್ಸ್ ಕ್ಯಾಟಲಾಗು. ಇಂಜಿನ್ನನ್ನು ಗಾಳಿಯಲ್ಲಿ ಬಿಡಿಸಿಟ್ಟಂಥ ಚಿತ್ರ, ಪ್ರತಿ ತುಂಡಿಗೂ ಒಂದು ನಂಬರು. ನನ್ನ ಲೆಕ್ಕದಲ್ಲಿ ನಾಲ್ಕರಲ್ಲಿ ಇದೇ ಪ್ರಾಮಾಣಿಕ. ಯಾವ ವಾಷರ್ ಮೊದಲು, ಯಾವುದು ಆಮೇಲೆ ಅಂತ ಸ್ಪಷ್ಟವಾಗಿ ಹೇಳುತ್ತೆ. ಆದ್ರೆ ಆ ವಾಷರ್ ಅಲ್ಲಿ ಯಾಕಿದೆ ಅಂತ ಹೇಳಲ್ಲ. ಜಾವಾದಲ್ಲಿ ಕಿಕ್ಕರು ಮತ್ತು ಗೇರ್ ಲಿವರು ಎರಡೂ ಒಂದೇ. ಕಾಲಲ್ಲಿ ಗೇರ್ ಒತ್ತಿದಾಗ ಒಳಗೇ ಕ್ಲಚ್ ಕೂಡ ಬಿಡುತ್ತೆ. ಒಂದೇ ಕಡೆ ಮೂರು ಕೆಲಸ. ಚಿತ್ರ ನೋಡಿ ಜೋಡಿಸಬಹುದು, ಆದ್ರೆ ಅಡ್ಜಸ್ಟ್ ಮಾಡೋಕೆ ಅದು ಕೆಲಸ ಮಾಡೋ ರೀತಿ ಗೊತ್ತಿರಬೇಕು.

ಎರಡನೇದು ಮ್ಯಾನುಯಲ್. ಅದರ ದೋಷ ಬೇರೆ. ಅದು ಹೊಸ ಗಾಡಿಗೆ ಬರೆದಿದ್ದು. 'ಸವೆದಿದ್ದರೆ ಬದಲಿಸಿ' ಅನ್ನೋ ಸಲಹೆ ಕಾರ್ಖಾನೆ ಇದ್ದಾಗ ಸರಿ. ಈಗ ಬದಲಿಸೋದು ಏನನ್ನ? ಇನ್ನೊಂದು ವಿಷಯ, ಅದನ್ನು ಬರೆದ ಕಾಲದ ಪೆಟ್ರೋಲೇ ಇವತ್ತಿಲ್ಲ. ಈಗ ಬಂಕಿನಲ್ಲಿ ಸಿಗೋದು ಎಥೆನಾಲ್ ಬೆರೆಸಿದ್ದು, 20 ಪರ್ಸೆಂಟ್‌ವರೆಗೆ. ಹಳೇ ಕಾಲದ ಮಾಮೂಲಿ ರಬ್ಬರು ಎಥೆನಾಲಿಗೆ ಉಬ್ಬಿ ಹಾಳಾಗುತ್ತೆ. ಟೂ ಸ್ಟ್ರೋಕಿನಲ್ಲಿ ಕ್ರ್ಯಾಂಕಿನ ಆಯಿಲ್ ಸೀಲು ಬರೀ ಎಣ್ಣೆ ತಡೆಯೋಕಲ್ಲ. ಪೆಟ್ರೋಲ್-ಗಾಳಿ ಮಿಶ್ರಣ ಕ್ರ್ಯಾಂಕ್‌ಕೇಸ್ ಒಳಗೇ ಹಾದು ಹೋಗೋದರಿಂದ, ಸೀಲ್ ಸೋರಿದರೆ ಹೊರಗಿನ ಗಾಳಿ ಎಳೆದುಕೊಂಡು ಪಿಸ್ಟನ್ ಬಿಸಿಯಾಗಿ ಜಾಮ್ ಆಗೋವರೆಗೂ ಹೋಗುತ್ತೆ. ಮ್ಯಾನುಯಲ್ ನೋಡಿ ಹಳೇ ನಮೂನೆ ಸೀಲ್ ಹುಡುಕೋದಕ್ಕಿಂತ, ಅದೇ ಅಳತೆಯ ವೈಟಾನ್ ಸೀಲ್ ಕೇಳೋದು ಮೇಲು. ಇದು ಮ್ಯಾನುಯಲ್‌ನಲ್ಲಿ ಇರೋಕೆ ಸಾಧ್ಯಾನೇ ಇಲ್ಲ.

ಮೂರನೇದು ವಿಡಿಯೋ. ಹತ್ತು ನಿಮಿಷದಲ್ಲಿ ತುಕ್ಕು ಹಿಡಿದ ಗಾಡಿ ಮದುವೆ ಗಂಡಿನ ಥರ ಎದ್ದು ನಿಲ್ಲುತ್ತೆ. ಸ್ಯಾಂಡ್ ಬ್ಲಾಸ್ಟಿಂಗ್, ಪೌಡರ್ ಕೋಟಿಂಗ್ ಎಲ್ಲ ನಿಧಾನವಾಗಿ ತೋರಿಸ್ತಾರೆ. ಬ್ಲಾಕ್ ಬೋರ್ ಮಾಡಿಸಿದ ಜಾಗ ಬಂದಾಗ ಮ್ಯೂಸಿಕ್ ಹಾಕಿ ಓಡಿಸಿಬಿಡ್ತಾರೆ. ಅಲ್ಲೇ ತಾನೇ ವಿಷಯ ಇರೋದು! ಈ ಇಂಜಿನ್ನಿನ ಬೋರು 65 ಮಿ.ಮೀ. ಸವೆದಾಗ ದೊಡ್ಡದು ಮಾಡಿಸಿ, ಅದಕ್ಕೆ ತಕ್ಕ ಓವರ್‌ಸೈಜ್ ಪಿಸ್ಟನ್ ಹಾಕಬೇಕು. ಪಿಸ್ಟನ್ ಅಲ್ಯೂಮಿನಿಯಂ, ಬ್ಲಾಕ್ ಎರಕದ ಕಬ್ಬಿಣ; ಬಿಸಿಗೆ ಪಿಸ್ಟನ್ ಹೆಚ್ಚು ಹಿಗ್ಗುತ್ತೆ. ಅದಕ್ಕೇ ಮೊದಲು ಪಿಸ್ಟನ್ ಕೈಗೆ ಬರಬೇಕು, ಅದನ್ನ ಮೈಕ್ರೋಮೀಟರಲ್ಲಿ ಅಳೆದು, ಆಮೇಲೆ ಬ್ಲಾಕನ್ನ ಲೇತಿನವರಿಗೆ ಕೊಡಬೇಕು. ಮೊದಲು ಬೋರ್ ಮಾಡಿಸಿ ಆಮೇಲೆ ಪಿಸ್ಟನ್ ಹುಡುಕಿದರೆ, ಆ ಸೈಜು ಸಿಗದೇ ಹೋದಾಗ ಬ್ಲಾಕೂ ದಂಡ, ದುಡ್ಡೂ ದಂಡ. ಇದನ್ನ ಹೇಳೋಕೆ ಅರ್ಧ ನಿಮಿಷ ಸಾಕಿತ್ತು.

ನಾಲ್ಕನೇದು ಮೆಕ್ಯಾನಿಕ್ಕು. ಮೇಲಿನ ಮೂರರಲ್ಲೂ ಇಲ್ಲದ 'ಯಾಕೆ' ಇರೋದು ಇವರ ಹತ್ರ. ಸದ್ದು ಕೇಳಿ ಬಿಗ್ ಎಂಡ್ ಹೋಗಿದೆಯೋ ಪಿಸ್ಟನ್ ಸಡಿಲವೋ ಹೇಳ್ತಾರೆ. ಒತ್ತಿ ಜೋಡಿಸಿದ ಕ್ರ್ಯಾಂಕನ್ನ ಬಿಚ್ಚಿ, ಹೊಸ ರಾಡ್ ಹಾಕಿ, ಮತ್ತೆ ನೇರ ಕೂರಿಸೋದು ತಮಾಷೆ ಅಲ್ಲ. ಆದ್ರೆ ಇದ್ಯಾವುದೂ ಬರಹದಲ್ಲಿಲ್ಲ. ಈ ಗಾಡಿಗಳ ಮೇಲೇ ಕೆಲಸ ಕಲಿತವರಿಗೆ ಈಗ ಅರವತ್ತು, ಎಪ್ಪತ್ತು ವರ್ಷ. ಅವರ ಮಕ್ಕಳು ಗ್ಯಾರೇಜಿಗೆ ಬರ್ತಿಲ್ಲ, ನಾವು ಅಪ್ಪನ ಹೊಲಕ್ಕೆ ವಾಪಸ್ ಹೋಗದ ಹಾಗೇ.

ಇನ್ನು ಪಾರ್ಟು. ಬೆಂಗಳೂರಲ್ಲಿ ಜೆ.ಸಿ. ರೋಡು, ಶಿವಾಜಿನಗರದ ಗುಜರಿ ಸುತ್ತಿದವರಿಗೆ ಗೊತ್ತು, 'ಒರಿಜಿನಲ್ ಪೀಸ್ ಸಾರ್' ಅನ್ನೋ ಒಂದು ಮಾತಿಗೆ ರೇಟು ಎಷ್ಟು ಏರುತ್ತೆ ಅಂತ. ಕಾರ್ಖಾನೆಯ ಮುದ್ರೆ ಇರೋ ಬ್ಯಾಡ್ಜಿಗೆ ಈ ಹಠ ಸರಿ. ಬೇರಿಂಗಿಗೆ ಯಾಕೆ? ಬೇರಿಂಗ್ ಮೇಲಿನ ನಂಬರು ಪ್ರಪಂಚಕ್ಕೆಲ್ಲ ಒಂದೇ. ಉದಾಹರಣೆಗೆ 6305 ಅಂದ್ರೆ ಒಳವ್ಯಾಸ 25, ಹೊರವ್ಯಾಸ 62, ಅಗಲ 17 ಮಿ.ಮೀ. ನಿಮ್ಮ ಇಂಜಿನ್ನಿಂದ ತೆಗೆದ ಬೇರಿಂಗಿನ ನಂಬರ್ ಬರ್ಕೊಂಡು ಬೇರಿಂಗ್ ಅಂಗಡಿಗೇ ಹೋಗಿ, ಬೈಕಿನ ಹೆಸರೇ ಎತ್ತಬೇಡಿ. ಸೀಲಿಗೂ ಹಾಗೇ, ಮೂರು ಅಳತೆ ಸಾಕು. ಪಿರ್ಸಿಗ್ 1974ರಲ್ಲಿ ಬರೆದ 'ಝೆನ್ ಅಂಡ್ ದಿ ಆರ್ಟ್ ಆಫ್ ಮೋಟಾರ್‌ಸೈಕಲ್ ಮೇಂಟೆನೆನ್ಸ್' ನಮ್ಮ ಐಟಿ ಮಂದಿಯ ಮೆಚ್ಚಿನ ಪುಸ್ತಕ. ಅದರಲ್ಲಿ ಗೆಳೆಯನ ಬಿಎಂಡಬ್ಲ್ಯು ಹ್ಯಾಂಡಲ್ ಸಡಿಲವಾದಾಗ, ಬಿಯರ್ ಕ್ಯಾನಿನ ತಗಡು ಕತ್ತರಿಸಿ ಇಟ್ಟರೆ ಸಾಕು ಅಂದದ್ದಕ್ಕೆ ಆತನಿಗೆ ಮನಸ್ಸೇ ಒಪ್ಪಲ್ಲ. ಪುಸ್ತಕ ಓದಿ ಹೊಗಳುವ ನಾವು ಜೆ.ಸಿ. ರೋಡಿನಲ್ಲಿ ನಿಂತಾಗ ಆ ಗೆಳೆಯನ ಥರಾನೇ ಆಡ್ತೀವಿ.

ಆಫೀಸಿನಲ್ಲಿ ಕಮೆಂಟ್ ಇಲ್ಲದ ಕೋಡ್ ಕೈಗೆ ಬಂದ್ರೆ, ಬರೆದು ರಾಜೀನಾಮೆ ಕೊಟ್ಟು ಹೋದವನಿಗೆ ಶಾಪ ಹಾಕ್ತೀವಲ್ವಾ? ಮನೆ ಶೆಡ್ಡಿನಲ್ಲಿರೋ ಗಾಡಿ ವಿಷಯದಲ್ಲಿ ನಾವು ಮಾಡ್ತಿರೋದೂ ಅದನ್ನೇ. ಮೈಸೂರಿನಲ್ಲಿ ಕನ್ನಡ ಮಾತಾಡೋ ಕೈಗಳು ಜೋಡಿಸಿದ ಇಂಜಿನ್ ಇದು. ನನ್ನ ಕೈಗೆ ಸಿಕ್ಕ ಮ್ಯಾನುಯಲ್ಲೆಲ್ಲ ಇಂಗ್ಲಿಷು. ಅದನ್ನ ರಿಪೇರಿ ಮಾಡಿ ಉಳಿಸಿದವರ ಮಾತು ಕನ್ನಡ, ಉರ್ದು. ಆ ಮಾತು ಕಾಗದಕ್ಕೆ ಇಳಿದಿಲ್ಲ.

ದೊಡ್ಡ ಯೋಜನೆ ಏನೂ ಬೇಡ. ಮುಂದಿನ ಸಲ ಇಂಜಿನ್ ಬಿಚ್ಚಿಸುವಾಗ ಒಂದು ಪೂರ್ತಿ ದಿನ ಗ್ಯಾರೇಜಿನಲ್ಲಿ ಕೂರಿ. ಬೋರಿನ ಅಳತೆ, ಪಿಸ್ಟನ್ ಸೈಜು, ಬೇರಿಂಗ್ ನಂಬರು, ಸೀಲಿನ ಅಳತೆ, ಯಾವ ಅಂಗಡಿಯ ಯಾವ ಪಾರ್ಟು ಹೊಂದಿತು, ಯಾವುದು ಹೊಂದಲಿಲ್ಲ, ಎಲ್ಲ ಬರೆದಿಡಿ. ಮೆಕ್ಯಾನಿಕ್ ಹೇಳಿದ್ದನ್ನ ಅವರ ಮಾತಲ್ಲೇ ಬರ್ಕೊಳ್ಳಿ, ಅವರ ಹೆಸರು ಹಾಕಿ, ಆ ದಿನದ ಕೂಲಿಯನ್ನೂ ಕೊಡಿ. ಬಣ್ಣಕ್ಕೆ ಕೊಡೋ ದುಡ್ಡಿನ ಮುಂದೆ ಅದೇನು ಮಹಾ ಅಲ್ಲ. ಗಾಡಿ ಮಾರಿದರೆ ಆ ನೋಟ್‌ಬುಕ್ಕನ್ನೂ ಆರ್‌ಸಿ ಜೊತೆಗೇ ಕೊಟ್ಟುಬಿಡಿ.