ಕಾಡು ಯಾರ ಖಾತೆಯಲ್ಲಿದೆ?

ಕುರ್ಲಾದಿಂದ ದಾದರಿಗೆ ಬಂದು ಗಾಡಿ ಬದಲಿಸಿದರೆ ಬೋರಿವಲಿ. ಅಲ್ಲೇ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ, ಸುಮಾರು 104 ಚದರ ಕಿಲೋಮೀಟರ್ ಕಾಡು. ಊರಿಂದ ಬಂದ ನೆಂಟರೊಡನೆ ಈ ಸಲ ಮಾರ್ಗದರ್ಶಿಯ ಹಿಂದೆ ನಡೆದೆ. ಹಕ್ಕಿ, ಚಿಟ್ಟೆ, ಚಿರತೆ ಹೆಜ್ಜೆ ಎಲ್ಲಾ ಆ ಹುಡುಗ ಸೊಗಸಾಗಿ ಹೇಳಿದ. ವಾರ್ಲಿಗಳ ವಿಷಯ ಬಂದಾಗ ಮಾತ್ರ ಗೋಡೆಚಿತ್ರದ ಮಾತಾಡಿ ಮುಗಿಸಿಬಿಟ್ಟ. ಚಿತ್ರ ಬರೆಯುವವರು ಈ ಕಾಡೊಳಗೇ ಪಾಡಾ ಕಟ್ಟಿಕೊಂಡಿದ್ದಾರಲ್ಲ ಮಾರಾಯ್ರೇ! 1997ರ ಹೈಕೋರ್ಟ್ ಆದೇಶದ ಮೇಲೆ ತೆರವು ಶುರುವಾದಾಗ ತಲೆಮಾರುಗಳಿಂದ ಇದ್ದ ಇವರನ್ನೂ ಒತ್ತುವರಿದಾರರೆಂದೇ ಎಣಿಸಿದರು. ನಡಿಗೆಯ ಕಥೆಯಲ್ಲಿ ಅದಿಲ್ಲ.

ಮಾರ್ಗದರ್ಶಿ ನಡಿಗೆ ಆಸ್ಟ್ರೇಲಿಯಾದ ಉಲುರುವಿನಲ್ಲೂ ಉಂಟು. 1985ರಲ್ಲಿ ಸರ್ಕಾರ ಆ ನೆಲವನ್ನು ಮೂಲನಿವಾಸಿ ಅನಂಗುಗಳಿಗೆ ಮರಳಿಸಿತು. ಅವರು ಅದನ್ನು 99 ವರ್ಷಕ್ಕೆ ಸರ್ಕಾರಕ್ಕೇ ಲೀಸಿಗೆ ಕೊಟ್ಟರು. ಆಡಳಿತ ಮಂಡಳಿಯಲ್ಲಿ ಬಹುಮತ ಅವರದೇ. ಬಂಡೆ ಹತ್ತಬೇಡಿ ಎಂದು ಕೇಳಿಕೊಳ್ಳುತ್ತಲೇ ಇದ್ದರು, 2019ರಲ್ಲಿ ಹತ್ತುವುದೇ ನಿಂತಿತು. ಸಾಲದ ಕಾಗದ ನೋಡಿ ಕಣ್ಣು ಸವೆಸಿದ ನನಗೆ ಈ ವ್ಯವಹಾರ ಚೆನ್ನಾಗಿ ಅರ್ಥವಾಗುತ್ತೆ. ಪತ್ರ ಅವರ ಹೆಸರಲ್ಲಿದೆ.

ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೂ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು; ಜೇನು, ನೆಲ್ಲಿಕಾಯಿ ಅವರದು. ಸಫಾರಿ ಜೀಪಿನ ಟಿಕೆಟ್ ಹರಿಯುವವರು ಮಾತ್ರ ಬೇರೆ.