ಮಂದ್ರದಿಂದ ಎದ್ದು ಬರುವ ಅಳಲು

ಮೊದಲು ಏನೂ ಕೇಳಿಸಿದಂತಿರುವುದಿಲ್ಲ. ಕಿವಿಗೊಟ್ಟರೆ, ಡಬಲ್ ಬಾಸ್‌ಗಳು ತೀರಾ ಮಂದ್ರದಲ್ಲಿ ಒಂದು ರಾಗವೆಳೆಯನ್ನು ತೆವಳಿಸುತ್ತಿರುತ್ತವೆ. ಅದೇ ಎಳೆಯನ್ನು ಇನ್ನೊಂದು ತಂತಿವಾದ್ಯ ಗುಂಪು ಐದು ಸ್ವರ ಮೇಲಿಂದ ಹಿಡಿಯುತ್ತದೆ, ಆಮೇಲೆ ಮತ್ತೊಂದು. ಹೊಳೆ ತುಂಬಿದ ಹಾಗೆ ನಾದ ತುಂಬಿಕೊಂಡು, ಮೆಲ್ಲಮೆಲ್ಲಗೆ ಖಾಲಿಯಾಗುತ್ತದೆ. ಅಲ್ಲಿ ಒಂಟಿ ಹೆಣ್ಣುದನಿ, ಮಗನನ್ನು ಕಳೆದುಕೊಳ್ಳುತ್ತಿರುವ ಯೇಸುವಿನ ತಾಯಿ ಮೇರಿಯ ಅಳಲು.

ಇದು ಪೋಲೆಂಡಿನ ಸಂಗೀತ ಸಂಯೋಜಕ ಹೆನ್ರಿಕ್ ಗುರೆಟ್ಸ್ಕಿ 1976ರಲ್ಲಿ ಬರೆದ ಮೂರನೆಯ ಸಿಂಫನಿ. 1933ರಲ್ಲಿ ಸೈಲೀಸಿಯಾದ ಹಳ್ಳಿಯೊಂದರಲ್ಲಿ ಹುಟ್ಟಿದ ಅವರು ತೀರಾ ಚಿಕ್ಕವರಿದ್ದಾಗಲೇ ತಾಯಿ ತೀರಿಕೊಂಡಿದ್ದರು. ಹರೆಯದಲ್ಲಿ ಕರ್ಕಶ, ಪ್ರಯೋಗಶೀಲ ಕೃತಿಗಳಿಂದ ಹೆಸರಾದವರು ಇಲ್ಲಿ ಹಾಡಿನ ಸರಳತೆಗೆ ಮರಳಿದರು. 1977ರ ಮೊದಲ ಪ್ರದರ್ಶನದ ಬಳಿಕ ಹಲವು ವಿಮರ್ಶಕರು ಹಳಿದರು. ಆದರೆ 1992ರಲ್ಲಿ ಹೊರಬಂದ, ಗಾಯಕಿ ಡಾನ್ ಅಪ್‌ಶಾ ಹಾಡಿದ ಧ್ವನಿಮುದ್ರಿಕೆ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು.

ನನ್ನನ್ನು ಹಿಡಿದು ನಿಲ್ಲಿಸುವುದು ಎರಡನೆಯ ಭಾಗ. ಅದರ ಸಾಹಿತ್ಯ 1944ರಲ್ಲಿ ಪೋಲೆಂಡಿನ ಜಾಕೊಪಾನೆ ಪಟ್ಟಣದಲ್ಲಿದ್ದ, ನಾಜಿಗಳ ರಹಸ್ಯ ಪೊಲೀಸ್ ಪಡೆ ಗೆಸ್ಟಪೊದ ಸೆರೆಮನೆಯ ಗೋಡೆಯ ಮೇಲೆ 18 ವರ್ಷದ ಹುಡುಗಿ ಬರೆದದ್ದು. ಅದರಲ್ಲಿ ಸೇಡಿಲ್ಲ, ಶಾಪವಿಲ್ಲ. ಅಳಬೇಡ ಎಂದು ಅಮ್ಮನನ್ನೇ ಸಂತೈಸುತ್ತಾಳೆ. ಗುರೆಟ್ಸ್ಕಿ ಆ ಮಾತಿಗೆ ಅಲಂಕಾರ ತೊಡಿಸಲಿಲ್ಲ. ತಂತಿಗಳು ಉಸಿರಿನಷ್ಟು ಮೆಲ್ಲಗೆ ತೂಗುತ್ತವೆ, ದನಿ ಒಂದೊಂದೇ ಮೆಟ್ಟಿಲು ಏರುತ್ತದೆ.