ಆತಕೂರಿನ ಕಲ್ಲು ನಕ್ಷೆಯಲ್ಲಿ ಎಲ್ಲಿರಬೇಕು?

ಶಾಸನಗಳ ವೆಬ್ ನಕ್ಷೆಗಳು ಈಗ ಸಾಕಷ್ಟು ಬರ್ತಿವೆ. ಸಂತೋಷ. ಆದರೆ ಚುಕ್ಕಿ ಇಟ್ಟ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. "ಶಿಂಷಾ ನದಿಯಿಂದ 5 ಕಿ.ಮೀ. ಒಳಗಿನ ಗಂಗರ ಶಾಸನಗಳು ಯಾವುವು?" ಎಂದು ಕೇಳಿದರೆ ಉತ್ತರ ಬರಬೇಕು. ಪೋಸ್ಟ್‌ಜಿಐಎಸ್ ಇರುವ ಡೇಟಾಬೇಸ್‌ನಲ್ಲಿ ಇದು ಒಂದೆರಡು ಸಾಲಿನ ಕೆಲಸ. ನನ್ನ ತಕರಾರು ತಂತ್ರಾಂಶದ ಮೇಲಲ್ಲ, ಅದಕ್ಕೆ ನಾವು ತುಂಬುವ ಮಾಹಿತಿಯ ಮೇಲೆ.

ಆತಕೂರು ಶಾಸನವನ್ನೇ ನೋಡಿ. ಕಾಲ ಕ್ರಿ.ಶ. 949-50. ತಕ್ಕೋಲದ ಯುದ್ಧ, ಬೂತುಗ, ಮಣಲೆರ, ಹಂದಿಯೊಡನೆ ಕಾದಿ ಸತ್ತ ನಾಯಿ ಕಾಳಿ, ಎಲ್ಲವೂ ಒಂದೇ ಕಲ್ಲಿನಲ್ಲಿ. ರೈಸ್ ಅವರ 1894ರ ಸಂಪುಟದಲ್ಲಿ ಇದು ಮಂಡ್ಯ 41. ಆಗಿನ್ನೂ ಮಂಡ್ಯ ಜಿಲ್ಲೆಯೇ ಇರಲಿಲ್ಲ, ಅದಾದದ್ದು 1939ರಲ್ಲಿ. ಊರು ಇಂದು ಮದ್ದೂರು ತಾಲ್ಲೂಕಿನಲ್ಲಿದೆ, ಹೆಸರು ಆತಗೂರು ಎಂದೂ ಇದೆ. ಕಲ್ಲು ಮಾತ್ರ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ! ಒಂದೇ ಸ್ಥಳದ ಕಾಲಂ ಇಟ್ಟು ಅದರಲ್ಲಿ ಬೆಂಗಳೂರು ಬರೆದರೆ ಮದ್ದೂರಿನ ಹುಡುಕಾಟದಲ್ಲಿ ಕಾಳಿ ಸಿಗುವುದಿಲ್ಲ. ಆತಕೂರು ಬರೆದರೆ ಕಲ್ಲು ನೋಡಲು ಹೋದವರು ಬರಿಗೈಲಿ ಬರ್ತಾರೆ.

ಊರಿನ ಹೆಸರು ಕೊಟ್ಟು ಅಕ್ಷಾಂಶ-ರೇಖಾಂಶವನ್ನು ತಾನಾಗಿಯೇ ತರಿಸುವುದು ಇನ್ನೂ ಅಪಾಯ. ಶಾತಕರ್ಣಿ ಮತ್ತು ಕದಂಬರ ಪ್ರಾಕೃತ ಶಾಸನಗಳಿರುವ ಮಳವಳ್ಳಿ ಶಿಕಾರಿಪುರ ತಾಲ್ಲೂಕಿನದು. ಜಿಲ್ಲೆ, ತಾಲ್ಲೂಕು ಹಾಕದಿದ್ದರೆ ಆ ಕಂಬ ಸೀದಾ ನಮ್ಮ ಮಂಡ್ಯದ ಮಳವಳ್ಳಿಗೆ ಬಂದು ನಿಲ್ಲುತ್ತದೆ. ಅದನ್ನು ನಂಬಿ ಯಾರೋ ಕಾವೇರಿ ಬಯಲಿನ ಪ್ರಾಕೃತದ ಬಗ್ಗೆ ಬರೆದೂ ಬಿಡಬಹುದು.

ಅಳತೆಯ ತೊಡಕೂ ಇದೆ. ಸ್ಥಳವನ್ನು ಡಿಗ್ರಿಯ ಜ್ಯಾಮಿತಿಯಾಗಿ ಇಟ್ಟು ಎಸ್‌ಟಿ_ಡಿವಿದಿನ್‌ಗೆ 5 ಎಂದು ಕೊಟ್ಟರೆ ಅದು 5 ಕಿ.ಮೀ. ಅಲ್ಲ, 5 ಡಿಗ್ರಿ. ಅಂದರೆ ಸುಮಾರು 550 ಕಿ.ಮೀ. ಜಿಯಾಗ್ರಫಿ ಮಾದರಿಗೆ ಬದಲಿಸಿ 5000 ಮೀಟರ್ ಎಂದೇ ಕೇಳಬೇಕು.

ಹಾಗಾಗಿ ನಕ್ಷೆ ಮಾಡುವವರಲ್ಲಿ ನನ್ನ ಕೇಳಿಕೆ ಇಷ್ಟೇ. ಸಿಕ್ಕ ಸ್ಥಳಕ್ಕೂ ಈಗಿರುವ ಸ್ಥಳಕ್ಕೂ ಬೇರೆ ಬೇರೆ ಕಾಲಂ ಇಡಿ. ರೈಸ್ ಕೊಟ್ಟ ಸಂಖ್ಯೆಯನ್ನು ಅಳಿಸದೆ ಇಂದಿನ ತಾಲ್ಲೂಕನ್ನೂ ಸೇರಿಸಿ. ಸ್ಥಳವನ್ನು ಜಿಪಿಎಸ್‌ನಲ್ಲಿ ಅಳೆದದ್ದೋ, ಊರಿನ ನಡುವೆ ಅಂದಾಜಿಗೆ ಇಟ್ಟದ್ದೋ ಎಂದು ಬರೆಯಿರಿ. ಈ ಕೊನೆಯದು ಬರೀ ಅಚ್ಚುಕಟ್ಟಿನ ಮಾತಲ್ಲ. ಮಂಡ್ಯ, ಮದ್ದೂರುಗಳ ಕಡೆ ಹೆದ್ದಾರಿ ಅಗಲವಾಗಿದೆ. "ರಸ್ತೆಯಿಂದ 100 ಮೀಟರ್ ಒಳಗೆ ಯಾವ ಕಲ್ಲುಗಳಿವೆ?" ಎಂದು ಜೆಸಿಬಿ ಬರುವ ಮುಂಚೆ ಕೇಳಬೇಕಾದ ದಿನ, ಊರ ನಡುವಿನ ಅಂದಾಜು ಚುಕ್ಕಿ "ಯಾವುದೂ ಇಲ್ಲ" ಎಂದು ಧೈರ್ಯವಾಗಿ ಹೇಳಿಬಿಡುತ್ತದೆ.